ಬೇರು ಕೇಳದ ಪ್ರಶ್ನೆ

ಮಾಗಡಿ ರಸ್ತೆಯ ಹೇರೋಹಳ್ಳಿ ಈಗ ಹೊಲಗಳ ಊರಲ್ಲ, ಬಡಾವಣೆಗಳ ಊರು. ಆದರೂ ಗೊಬ್ಬರದ ಮಾತು ಅಲ್ಲಿಂದ ಹೋಗಿಲ್ಲ. ಹೊಲದಿಂದ ತಾರಸಿಗೆ ಏರಿದೆ, ಅಷ್ಟೆ. ಕುಂಡದಲ್ಲಿ ಟೊಮೆಟೊ, ಮೆಣಸಿನಕಾಯಿ, ದಂಟಿನ ಸೊಪ್ಪು ಬೆಳೆಯುವವರು ಎರೆಗೊಬ್ಬರ, ಬೇವಿನ ಹಿಂಡಿ, ಮೂಳೆಪುಡಿಯನ್ನು ನಿಶ್ಚಿಂತೆಯಿಂದ ಕೊಳ್ಳುತ್ತಾರೆ. ಅದೇ ಅಂಗಡಿಯ ಪಕ್ಕದ ಹಲಗೆಯ ಮೇಲಿರುವ 19-19-19 ರಾಸಾಯನಿಕ ಗೊಬ್ಬರದ ಪ್ಯಾಕೆಟ್ಟನ್ನು ಮುಟ್ಟಲು ಹಿಂಜರಿಯುತ್ತಾರೆ. ಸೊಪ್ಪು ಮಾರುವವರಿಗೂ ಇದು ಗೊತ್ತು. ‘ಕೆಮಿಕಲ್ ಹಾಕಿಲ್ಲಮ್ಮ’ ಅಂದರೆ ಕಟ್ಟಿಗೆ ಐದು ರೂಪಾಯಿ ಹೆಚ್ಚಿಗೆ ಕೇಳಬಹುದು. ಒಂದು ಗೊಬ್ಬರ ಅನ್ನ, ಇನ್ನೊಂದು ವಿಷ. ಎರಡರ ಜಾತಿಯೇ ಬೇರೆ ಎಂಬ ನಂಬಿಕೆ ಇವತ್ತು ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಯಾರೂ ವಾದವೆಂದು ಮಂಡಿಸುವುದೇ ಇಲ್ಲ. ಗೊತ್ತಿರುವ ಸಂಗತಿ ಎಂಬಂತೆ ಹೇಳಿ ಮುಂದೆ ಹೋಗುತ್ತಾರೆ. ಈ ನಂಬಿಕೆಯಲ್ಲಿ ನಿಜದ ಅಂಶವಿದೆ. ಆದರೆ ಆ ನಿಜ, ನಂಬುವವರು ತೋರಿಸುವ ಜಾಗದಲ್ಲಿಲ್ಲ.

ಮೊದಲು ಈ ನಿಲುವನ್ನು ಅದರ ಗಟ್ಟಿಯಾದ ರೂಪದಲ್ಲೇ ಇಟ್ಟುಕೊಳ್ಳೋಣ. ಅದಕ್ಕೆ ಮೂರು ಆಧಾರಗಳಿವೆ.

1. ಕಾರ್ಖಾನೆಯಲ್ಲಿ ತಯಾರಾದ ಗೊಬ್ಬರ ಪ್ರಕೃತಿಗೆ ಹೊರಗಿನದು. ಗಿಡ ಅದನ್ನು ಹೀರಿದರೆ ಅದು ಕಾಯಿಗೆ ಬಂದು, ಕೊನೆಗೆ ನಮ್ಮ ಮೈಗೂ ಬರುತ್ತದೆ.

2. ಅದು ಮಣ್ಣನ್ನು ಕೊಲ್ಲುತ್ತದೆ. ಮೊದಮೊದಲು ಇಳುವರಿ ಏರುತ್ತದೆ. ಆಮೇಲೆ ಎರೆಹುಳು ಹೋಗಿ, ಮಣ್ಣು ಗಟ್ಟಿಯಾಗಿ, ಹೆಚ್ಚು ಹೆಚ್ಚು ಹಾಕಿದರೂ ಕಡಿಮೆ ಕಡಿಮೆ ಬೆಳೆಯುತ್ತದೆ.

3. ನಮ್ಮ ಹಿರಿಯರು ಇದಿಲ್ಲದೆ ಸಾವಿರಾರು ವರ್ಷ ಬೆಳೆದು ಉಂಡರು. ಆದ್ದರಿಂದ ಇದರ ಅಗತ್ಯವೇ ಇರಲಿಲ್ಲ. ಮಾರುವವರು ಅಗತ್ಯವನ್ನು ಹುಟ್ಟಿಸಿದರು.

ಹೀಗೆ ನಂಬುವವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ಅನ್ಯಾಯ. ಪಶ್ಚಿಮ ಬೆಂಗಳೂರಿನವರಿಗಂತೂ ಭಯಕ್ಕೆ ಕಾರಣಗಳಿವೆ. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದ್ದು ಕಟ್ಟುಕಥೆಯಲ್ಲ. ವೃಷಭಾವತಿಯ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿಯಲ್ಲಿ ಭಾರಲೋಹಗಳು ಸಿಕ್ಕಿದ್ದೂ ಪರೀಕ್ಷೆಗಳಿಂದ ಗೊತ್ತಾದ ವಿಷಯ. ಜೊತೆಗೆ ಕೀಟನಾಶಕಗಳ ಸುದ್ದಿ ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಇವೆಲ್ಲ ಕೂಡಿ ‘ಕೆಮಿಕಲ್’ ಎಂಬ ಒಂದೇ ಮೂಟೆಯಾಗುತ್ತವೆ. ಯೂರಿಯಾ ಕೂಡ ಅದರೊಳಗೆ ಸೇರಿಹೋಗುತ್ತದೆ. ಮೊದಲು ಬಿಡಿಸಬೇಕಾದ ಗಂಟು ಇದು. ಕೀಟನಾಶಕ ಜೀವಿಯನ್ನು ಕೊಲ್ಲಲೆಂದೇ ತಯಾರಾದದ್ದು. ಅದರ ಉಳಿಕೆ ಆಹಾರದಲ್ಲಿದ್ದರೆ ಆತಂಕಪಡಬೇಕಾದದ್ದೇ. ಗೊಬ್ಬರ ಗಿಡದ ಊಟ. ಗಿಡ ಹೀರಿದ ಸಾರಜನಕ ಗಿಡದ ಪ್ರೋಟೀನೇ ಆಗಿಬಿಡುತ್ತದೆ. ಬದನೆಕಾಯಿ ಕತ್ತರಿಸಿ ನೋಡಿದರೆ ಅದರಲ್ಲಿ ಯೂರಿಯಾದ ಹರಳು ಸಿಕ್ಕುವುದಿಲ್ಲ. ಗೊಬ್ಬರ ಮಿತಿಮೀರಿದರೆ ಸೊಪ್ಪಿನಲ್ಲಿ ನೈಟ್ರೇಟ್ ಹೆಚ್ಚಾಗಬಹುದು, ನಿಜ. ಆದರೆ ಆ ಮಿತಿ ಕೋಳಿಗೊಬ್ಬರದಿಂದಲೂ ಮೀರುತ್ತದೆ.

ಇನ್ನು ಬೇರಿನ ವಿಚಾರ. ಗಿಡ ಕೊಳೆತ ಎಲೆಯನ್ನು ಎಲೆಯಾಗಿ ತಿನ್ನುವುದಿಲ್ಲ, ಸಗಣಿಯನ್ನು ಸಗಣಿಯಾಗಿ ಹೀರುವುದಿಲ್ಲ. ನೀರಿನಲ್ಲಿ ಕರಗಿದ ಕೆಲವೇ ಸರಳ ಲವಣಗಳು ಬೇರಿನ ಮೂಲಕ ಒಳಹೋಗುತ್ತವೆ: ಸಾರಜನಕ ಬಹುಪಾಲು ನೈಟ್ರೇಟ್ ಅಥವಾ ಅಮೋನಿಯಂ ಆಗಿ, ರಂಜಕ ಫಾಸ್ಫೇಟ್ ಆಗಿ, ಪೊಟ್ಯಾಸಿಯಂ ಬಿಡಿ ಅಯಾನಾಗಿ. ಜರ್ಮನಿಯ ಲೀಬಿಗ್ 1840ರಲ್ಲಿ ಗಿಡಕ್ಕೆ ಬೇಕಾದದ್ದು ಖನಿಜ ಎಂದು ವಾದಿಸಿದ. 1860ರ ಹೊತ್ತಿಗೆ ಸಾಕ್ಸ್ ಮತ್ತು ಕ್ನಾಪ್ ಎಂಬಿಬ್ಬರು ಮಣ್ಣೇ ಇಲ್ಲದೆ, ಲವಣ ಕರಗಿಸಿದ ನೀರಿನಲ್ಲೇ ಗಿಡ ಬೆಳೆಸಿ ತೋರಿಸಿದರು. ಇದೇ ವಿದ್ಯೆಯಿಂದ ಇವತ್ತು ಬೆಂಗಳೂರಿನ ಸುತ್ತ ಹೈಡ್ರೋಪೋನಿಕ್ಸ್ ಲೆಟ್ಯೂಸ್ ಬೆಳೆಯುತ್ತಾರೆ. ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್‌ಗಳಂಥ ಲವಣಗಳ ನೀರು ಬಿಟ್ಟರೆ ಬೇರೇನನ್ನೂ ಕಾಣದ ಆ ಸೊಪ್ಪನ್ನು, ಯೂರಿಯಾ ಎಂದರೆ ಬೆಚ್ಚುವ ಮನೆಗಳೇ ಶುದ್ಧ ಆಹಾರವೆಂದು ಹೆಚ್ಚು ಬೆಲೆ ಕೊಟ್ಟು ತರುತ್ತವೆ. ನೂರಕ್ಕೆ ನೂರು ರಾಸಾಯನಿಕ ಗೊಬ್ಬರದಲ್ಲಿ ಬೆಳೆದದ್ದು ಶುದ್ಧ, ಕೊಟ್ಟಿಗೆ ಗೊಬ್ಬರದ ಜೊತೆ ಒಂದು ಹಿಡಿ ಯೂರಿಯಾ ಬಿದ್ದ ರಾಗಿ ಅಶುದ್ಧ ಎನ್ನುವಲ್ಲಿ ಯಾವ ತರ್ಕವಿದೆಯೋ ನನಗೆ ತಿಳಿಯದು.

ಯೂರಿಯಾದ ಕಥೆ ಇನ್ನೂ ಸ್ವಾರಸ್ಯದ್ದು. ಹಸುವಿನ ಗಂಜಲದಲ್ಲಿರುವ ಸಾರಜನಕದ ಬಹುಪಾಲು ಯೂರಿಯಾ ರೂಪದಲ್ಲೇ ಇರುತ್ತದೆ. ಮನುಷ್ಯನ ಮೂತ್ರದಲ್ಲಿಯೂ ಅಷ್ಟೆ. 1828ರಲ್ಲಿ ವೋಲರ್ ಎಂಬ ರಸಾಯನ ವಿಜ್ಞಾನಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದಾಗ ಯುರೋಪ್ ಬೆರಗಾದದ್ದು ಈ ಕಾರಣಕ್ಕೇ: ಜೀವದೊಳಗೆ ಮಾತ್ರ ಹುಟ್ಟುತ್ತದೆಂದು ತಿಳಿದಿದ್ದ ವಸ್ತು ಗಾಜಿನ ಪಾತ್ರೆಯಲ್ಲಿ ಹುಟ್ಟಿತ್ತು. ಚೀಲದ ಯೂರಿಯಾ, ಗಂಜಲದ ಯೂರಿಯಾ ಎರಡೂ ಒಂದೇ ಅಣು. ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕ. ಮಣ್ಣಿಗೆ ಬಿದ್ದ ಮೇಲೂ ಎರಡರ ದಾರಿ ಒಂದೇ. ಯೂರಿಯೇಸ್ ಎಂಬ ಕಿಣ್ವ ಅದನ್ನು ಕೆಲವೇ ದಿನಗಳಲ್ಲಿ ಒಡೆದು ಅಮೋನಿಯಂ ಮಾಡುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ತೇವದ ಮಣ್ಣಿನ ಮೇಲೆ ಯೂರಿಯಾ ಚೆಲ್ಲಿ ಮುಚ್ಚದೆ ಬಿಟ್ಟರೆ ಎರಡು ಮೂರು ದಿನದಲ್ಲಿ ಕೊಟ್ಟಿಗೆಯದೇ ಘಾಟು ಮೂಗಿಗೆ ಬಡಿಯುತ್ತದೆ. ಎರಡೂ ಕಡೆ ಅದು ಅಮೋನಿಯಾದ ಘಾಟು.

ಹಾಗಾದರೆ ಕಾರ್ಖಾನೆಯಲ್ಲಿ ಆಗುವುದಾದರೂ ಏನು? ಕರ್ನಾಟಕದಲ್ಲಿ ಯೂರಿಯಾ ತಯಾರಾಗುವುದು ಮಂಗಳೂರಿನ ಪಣಂಬೂರಿನಲ್ಲಿ. ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಅಲ್ಲಿ 1976ರಲ್ಲಿ ಉತ್ಪಾದನೆ ಆರಂಭಿಸಿತು. ಆ ಕಾರ್ಖಾನೆ ವರ್ಷಕ್ಕೆ ಸುಮಾರು 3.8 ಲಕ್ಷ ಟನ್ ಯೂರಿಯಾ ಮಾಡುತ್ತದೆ. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳ ನಡುವೆ ಮೂರು ಬಂಧಗಳಿವೆ, ಗಿಡಕ್ಕೆ ಅದನ್ನು ಬಿಡಿಸಲು ಬರುವುದಿಲ್ಲ. ಅದನ್ನು ಬಿಡಿಸುವ ಉಪಾಯವನ್ನು ಹೇಬರ್ 1909ರಲ್ಲಿ ಕಂಡುಕೊಂಡ, ಬಾಷ್ 1913ರಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದ. ಕಬ್ಬಿಣದ ವೇಗವರ್ಧಕದ ಮೇಲೆ, ಸುಮಾರು 450 ಡಿಗ್ರಿ ಶಾಖದಲ್ಲಿ, ವಾತಾವರಣದ 200 ಪಟ್ಟು ಒತ್ತಡದಲ್ಲಿ ಸಾರಜನಕವನ್ನೂ ಜಲಜನಕವನ್ನೂ ಕೂಡಿಸಿದರೆ ಅಮೋನಿಯಾ. ಆ ಜಲಜನಕಕ್ಕೆ ಪಣಂಬೂರಿನಲ್ಲಿ ಮೊದಲು ನಾಫ್ತಾ ಬಳಸುತ್ತಿದ್ದರು; ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರಿನ ಅನಿಲ ಕೊಳವೆಮಾರ್ಗ ಬಂದ ಮೇಲೆ ನೈಸರ್ಗಿಕ ಅನಿಲಕ್ಕೆ ಬದಲಾದರು. ಅನಿಲದಿಂದ ಜಲಜನಕ ತೆಗೆಯುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು ಅಮೋನಿಯಾ ಜೊತೆ ಮತ್ತೆ ಒತ್ತಡಕ್ಕೆ ಹಾಕಿದರೆ ಕಾರ್ಬಮೇಟ್, ಅದರಿಂದ ನೀರು ಬಿಟ್ಟುಹೋದರೆ ಯೂರಿಯಾ. ಕರಗಿದ ಯೂರಿಯಾವನ್ನು ಎತ್ತರದಿಂದ ಹನಿಸಿದರೆ ಬೀಳುತ್ತಲೇ ಗಟ್ಟಿಯಾಗಿ ಸಾಬಕ್ಕಿಯಂಥ ಬಿಳಿ ಕಾಳು. ನಮ್ಮ ರಾಜ್ಯಕ್ಕೆ ಈ ವಿದ್ಯೆ ಹೊಸದೂ ಅಲ್ಲ. 1930ರ ದಶಕದ ಕೊನೆಯಲ್ಲೇ ಮೈಸೂರಿನ ಬಳಿಯ ಬೆಳಗೊಳದಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಹುಟ್ಟಿತು. ಭಾರತದಲ್ಲಿ ಗಾಳಿಯಿಂದ ಅಮೋನಿಯಾ ತಯಾರಿಸಿದ ಮೊದಲ ಕಾರ್ಖಾನೆ ಅದು. ಸಿಂದ್ರಿಯ ಹೆಸರಾಂತ ಗೊಬ್ಬರ ಕಾರ್ಖಾನೆಗಿಂತ ಎಷ್ಟೋ ಮೊದಲು.

ರಂಜಕ, ಪೊಟ್ಯಾಶ್‌ಗಳಲ್ಲಂತೂ ಕಾರ್ಖಾನೆ ಏನನ್ನೂ ಸೃಷ್ಟಿಸುವುದೇ ಇಲ್ಲ. ಪೊಟ್ಯಾಶ್ ಎಂದರೆ ಬತ್ತಿದ ಪ್ರಾಚೀನ ಸಮುದ್ರಗಳ ಉಪ್ಪು. ನಾವು ಬಳಸುವುದು ಬಹುತೇಕ ಎಲ್ಲ ಹೊರದೇಶಗಳಿಂದ ಬರುತ್ತದೆ. ರಂಜಕ ಬರುವುದು ಶಿಲಾರಂಜಕದಿಂದ. ಅದರ ಕ್ಯಾಲ್ಸಿಯಂ ಫಾಸ್ಫೇಟ್ ನೀರಿನಲ್ಲಿ ಸುಲಭವಾಗಿ ಕರಗದು, ಅದಕ್ಕೇ ಗಂಧಕಾಮ್ಲ ಹಾಕಿ ಕರಗುವಂತೆ ಮಾಡುತ್ತಾರೆ. ಹಾಗೆ ಮಾಡಿದ್ದೇ ಸೂಪರ್ ಫಾಸ್ಫೇಟ್. ಈ ಉಪಾಯ ಮೊದಲು ನಡೆದದ್ದು ಮೂಳೆಪುಡಿಯ ಮೇಲೆ, ಏಕೆಂದರೆ ಮೂಳೆಯಲ್ಲಿರುವುದೂ ಹೆಚ್ಚುಕಡಿಮೆ ಅದೇ ಕ್ಯಾಲ್ಸಿಯಂ ಫಾಸ್ಫೇಟ್. ಇನ್ನೊಂದು ವಿಚಿತ್ರವಿದೆ. ಕೆಲವು ಶಿಲಾರಂಜಕಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ, ಅದು ನಿಜಕ್ಕೂ ಎಚ್ಚರ ವಹಿಸಬೇಕಾದ ಲೋಹ. ಆದರೆ ಆಮ್ಲ ತಾಗದ ಶಿಲಾರಂಜಕದ ಪುಡಿಗೆ ಸಾವಯವ ಕೃಷಿಯ ನಿಯಮಗಳಲ್ಲಿ ಜಾಗವಿದೆ. ಆಮ್ಲ ತಾಗಿತೋ ಇಲ್ಲವೋ ಎಂಬುದೊಂದನ್ನೇ ನೋಡಿದರೆ ಕ್ಯಾಡ್ಮಿಯಂ ಕಾಣುವುದಿಲ್ಲ.

ಇಷ್ಟಾದ ಮೇಲೆ ಬುದ್ಧಿವಂತ ಎದುರುವಾದಿ ಹೀಗೆ ಕೇಳುತ್ತಾರೆ: ಅಣು ಒಂದೇ ಇರಬಹುದು, ಆದರೆ ಹೊಲದಲ್ಲಿ ಎರಡೂ ಒಂದೇ ಥರ ನಡೆದುಕೊಳ್ಳುತ್ತವೆಯೇ? ಇಲ್ಲ. ನಿಜವಾದ ವ್ಯತ್ಯಾಸಗಳು ಇಲ್ಲಿವೆ, ಅವು ಸಣ್ಣವಲ್ಲ. ಮೊದಲನೆಯದು ಪ್ರಮಾಣ ಮತ್ತು ವೇಗ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು. ಯೂರಿಯಾದ್ದು ಒಂದೇ ವಾರದಲ್ಲಿ ಬಿಡುಗಡೆಯಾಗುತ್ತದೆ, ಕೊಟ್ಟಿಗೆ ಗೊಬ್ಬರದ್ದು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ. ಹೀಗಾಗಿ ಕೊಟ್ಟಿಗೆ ಗೊಬ್ಬರದಲ್ಲಿ ಕೈ ತಪ್ಪಿದರೂ ಹಾನಿ ಕಡಿಮೆ. ಯೂರಿಯಾದಲ್ಲಿ ತಪ್ಪಿದರೆ ಗಿಡ ಸೀಯುತ್ತದೆ, ಇಲ್ಲವೇ ಮಳೆಗೆ ನೈಟ್ರೇಟ್ ಬಸಿದು ಕೆಳಗಿಳಿಯುತ್ತದೆ. ಎರಡನೆಯ ವ್ಯತ್ಯಾಸ ಹುಳಿ. ಅಮೋನಿಯಂ ನೈಟ್ರೇಟ್ ಆಗಿ ಬದಲಾಗುವಾಗ ಮಣ್ಣಿಗೆ ಆಮ್ಲ ಬಿಡುಗಡೆಯಾಗುತ್ತದೆ. ಕೊಟ್ಟಿಗೆ ಗೊಬ್ಬರದ ಅಮೋನಿಯಂ ಕೂಡ ಅದನ್ನೇ ಮಾಡುತ್ತದೆ, ಆದರೆ ಅದರ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಂದು ಹುಳಿಯನ್ನು ತಡೆಯುತ್ತವೆ; ಯೂರಿಯಾ ಜೊತೆ ಏನೂ ಬರುವುದಿಲ್ಲ. ಮೂರನೆಯದು ಇಂಗಾಲ. ಮಣ್ಣಿನ ಜೀವಿಗಳಿಗೆ ಊಟವೇ ಅದು. ಕಾಳು ಕಟ್ಟಿದ ಮಣ್ಣು, ನೀರು ಹಿಡಿದಿಡುವ ಗುಣ, ಎರೆಹುಳು ಎಲ್ಲಕ್ಕೂ ಇಂಗಾಲ ಬೇಕು. ಯೂರಿಯಾದಲ್ಲಿರುವ ಇಂಗಾಲ ಗಾಳಿಗೆ ಹೋಗುತ್ತದೆ. ಆದ್ದರಿಂದ ಮೇಲಿನ ಎರಡನೆಯ ಆಧಾರವನ್ನು ಹೀಗೆ ತಿದ್ದಿದರೆ ನಾನು ಒಪ್ಪುತ್ತೇನೆ: ಚೀಲದ ಗೊಬ್ಬರ ಮಣ್ಣನ್ನು ಕೊಲ್ಲುವುದಿಲ್ಲ, ಅದಿದೆಯೆಂಬ ಧೈರ್ಯದಲ್ಲಿ ನಾವು ಮಣ್ಣಿಗೆ ಊಟ ಹಾಕುವುದನ್ನು ಬಿಟ್ಟೆವು.

ಇದಕ್ಕೆ ಪುರಾವೆ ಏನು? ಇಂಗ್ಲೆಂಡಿನ ರಾತಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆಯುತ್ತಿದ್ದಾರೆ. ಅಲ್ಲಿ ರಾಸಾಯನಿಕ ಗೊಬ್ಬರವನ್ನು ಮಾತ್ರ ಕಂಡ ತಾಕುಗಳು 180 ವರ್ಷ ಕಳೆದರೂ ಕೊಟ್ಟಿಗೆ ಗೊಬ್ಬರದ ತಾಕುಗಳಿಗೆ ಸರಿಸಾಟಿಯಾಗಿ ಬೆಳೆಯುತ್ತಿವೆ. ಆದರೆ ಇದನ್ನು ಹಿಡಿದು ನಮ್ಮಲ್ಲಿ ಕುಣಿಯುವವರು ಒಂದು ಮಾತು ಮರೆಯುತ್ತಾರೆ: ಆ ಮಣ್ಣಿಗೆ ಸುಣ್ಣ ಹೇರಳವಾಗಿ ಬಿದ್ದಿದೆ, ಅದು ಹುಳಿಯನ್ನು ನುಂಗಿಕೊಳ್ಳುತ್ತದೆ. ಬೆಂಗಳೂರಿನ ಕೆಮ್ಮಣ್ಣಿಗೆ ಆ ಭಾಗ್ಯವಿಲ್ಲ. ಮರಳು ಮಿಶ್ರಿತ, ಇಂಗಾಲ ಕಡಿಮೆಯಿರುವ, ಪೋಷಕಾಂಶ ಹಿಡಿದಿಡುವ ಶಕ್ತಿ ಕಡಿಮೆಯಿರುವ ಮಣ್ಣು ಇದು. ನಮಗೆ ಬೇಕಾದ ಸಾಕ್ಷ್ಯ ಜಿಕೆವಿಕೆಯಲ್ಲಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆ ಆವರಣದಲ್ಲಿ 1986ರಿಂದ ರಾಗಿ ಮತ್ತು ಮುಸುಕಿನ ಜೋಳದ ಮೇಲೆ ದೀರ್ಘಾವಧಿ ಗೊಬ್ಬರ ಪ್ರಯೋಗ ನಡೆಯುತ್ತಿದೆ. ಸಾರಜನಕ ಒಂದನ್ನೇ ಕೊಟ್ಟ ತಾಕು ಸೊರಗಿತು, ಅಲ್ಲಿನ ಮಣ್ಣು ಹುಳಿಯಾಯಿತು. ಸಾರಜನಕ, ರಂಜಕ, ಪೊಟ್ಯಾಶ್ ಮೂರನ್ನೂ ಕೊಟ್ಟದ್ದು ಅದಕ್ಕಿಂತ ಎಷ್ಟೋ ವಾಸಿ. ಮೂರರ ಜೊತೆಗೆ ಕೊಟ್ಟಿಗೆ ಗೊಬ್ಬರ, ಬೇಕಾದಲ್ಲಿ ಸುಣ್ಣ ಕೊಟ್ಟ ತಾಕುಗಳು ಎಲ್ಲಕ್ಕಿಂತ ಮುಂದೆ ಉಳಿದವು. ಯೂರಿಯಾ ಒಂದನ್ನೇ ಸುರಿಯುವ ರೈತನಿಗೂ, ಯೂರಿಯಾ ಮುಟ್ಟಬೇಡಿ ಎನ್ನುವ ಪ್ರಚಾರಕನಿಗೂ ಈ ಫಲಿತಾಂಶ ಹಿಡಿಸುವುದಿಲ್ಲ.

ರೈತ ಯೂರಿಯಾ ಒಂದನ್ನೇ ಸುರಿಯುವುದಕ್ಕೆ ಕಾರಣ ಆ ಅಣುವಿನ ಗುಣವಲ್ಲ, ಬೆಲೆ. 2010ರ ಏಪ್ರಿಲ್‌ನಿಂದ ರಂಜಕ ಮತ್ತು ಪೊಟ್ಯಾಶ್ ಗೊಬ್ಬರಗಳನ್ನು ಪೋಷಕಾಂಶ ಆಧಾರಿತ ಸಹಾಯಧನಕ್ಕೆ ತಂದು ಬೆಲೆಯ ಹಿಡಿತ ಸಡಿಲಿಸಿದರು. ಯೂರಿಯಾವನ್ನು ಮಾತ್ರ ಹೊರಗಿಟ್ಟರು. ಇವತ್ತು 45 ಕಿಲೋ ಯೂರಿಯಾ ಚೀಲ ಸುಮಾರು 266 ರೂಪಾಯಿ, 50 ಕಿಲೋ ಡಿಎಪಿ 1,350 ರೂಪಾಯಿ. ಇಂಥ ಬೆಲೆಯಲ್ಲಿ ಅಸಮತೋಲನ ಆಗದಿದ್ದರೆ ಆಶ್ಚರ್ಯ. 2025ರ ಮುಂಗಾರಿನಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ರೈತರು ಯೂರಿಯಾಕ್ಕಾಗಿ ಸರದಿಯಲ್ಲಿ ನಿಂತರು. ಅವರು ಮೋಸಹೋಗಿ ನಿಂತವರಲ್ಲ, ಕೊಟ್ಟ ಬೆಲೆಗೆ ಸರಿಯಾಗಿ ಲೆಕ್ಕ ಹಾಕಿ ನಿಂತವರು.

ಮೂರನೆಯ ಆಧಾರ, ಹಿರಿಯರದು. ಹಿರಿಯರು ಬೆಳೆದರು, ನಿಜ. ಅವರ ಹೊಲಕ್ಕೆ ಗೊಬ್ಬರ ಎಲ್ಲಿಂದ ಬರುತ್ತಿತ್ತು ಎಂದು ಕೇಳಬೇಕು. ಉತ್ತರ ಕನ್ನಡದ ಅಡಿಕೆ ತೋಟಕ್ಕೆ ಎಕರೆಗೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕಿತ್ತು. ಅಂದರೆ ಒಂದು ಎಕರೆ ತೋಟ ಹಸಿರಾಗಿರಲು ಅದರ ಎಷ್ಟೋ ಪಟ್ಟು ಕಾಡು ತನ್ನ ಸಾರ ಬಿಟ್ಟುಕೊಡಬೇಕಿತ್ತು. ಬಯಲುಸೀಮೆಯಲ್ಲಿ ಅದೇ ಕೆಲಸವನ್ನು ಗೋಮಾಳ ಮಾಡುತ್ತಿತ್ತು: ದನ ಹಗಲು ಅಲ್ಲಿ ಮೇಯ್ದು ರಾತ್ರಿ ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತಿತ್ತು. ದನ ಸಾರಜನಕವನ್ನು ಸೃಷ್ಟಿಸುವುದಿಲ್ಲ, ಮೇಯ್ದ ಕಡೆಯಿಂದ ಕಟ್ಟಿದ ಕಡೆಗೆ ಸಾಗಿಸುತ್ತದೆ. ಮಾಗಡಿ ರಸ್ತೆಯ ಗೋಮಾಳಗಳು ಇವತ್ತು ಸೈಟುಗಳಾಗಿವೆ. ಹಿರಿಯರ ವಿಧಾನದಲ್ಲಿ ನಿಜವಾಗಿ ಹೊಸ ಸಾರಜನಕ ತರುತ್ತಿದ್ದದ್ದು ಅವರೆ, ಹುರುಳಿ, ತೊಗರಿಗಳ ಬೇರಿನ ಗಂಟುಗಳು. ರಾಗಿಯ ನಡುವೆ ಅಕ್ಕಡಿ ಸಾಲು ಬಿತ್ತುವ ಪದ್ಧತಿಗೆ ನನ್ನ ಪೂರ್ಣ ಗೌರವವಿದೆ. ಮಾಗಡಿಯ ಅವರೆಕಾಯಿ ಬರೀ ರುಚಿಯ ವಿಷಯವಲ್ಲ. ಆದರೆ ಎಕರೆಗೆ ನಾಲ್ಕೈದು ಕ್ವಿಂಟಾಲ್ ಬೆಳೆಯುವ ಕಾಲಕ್ಕೆ ಸಾಕಾಗುತ್ತಿದ್ದದ್ದು ಹತ್ತು ಹನ್ನೆರಡು ಬೆಳೆಯುವ ಕಾಲಕ್ಕೆ ಸಾಲದು. ಒಂದು ಕ್ವಿಂಟಾಲ್ ರಾಗಿ ಪೇಟೆಗೆ ಹೋದರೆ ಅದರೊಳಗೆ ಒಂದು ಕಿಲೋಗಿಂತ ತುಸು ಹೆಚ್ಚು ಸಾರಜನಕ ಹೋಗುತ್ತದೆ, ಹುಲ್ಲಿನ ಲೆಕ್ಕ ಬೇರೆ. ಹೋದದ್ದು ಹಿಂದಕ್ಕೆ ಬರಬೇಕು.

ಇಲ್ಲಿ ಜೀವಾಮೃತದ ಪ್ರಶ್ನೆ ಎದುರಾಗುತ್ತದೆ. ಸುಭಾಷ್ ಪಾಳೇಕರ್ ಹೇಳಿಕೊಟ್ಟ ಈ ದ್ರಾವಣಕ್ಕೆ ಕರ್ನಾಟಕದಲ್ಲಿ ಶ್ರದ್ಧಾವಂತ ಅನುಯಾಯಿಗಳಿದ್ದಾರೆ. ಎಕರೆಗೆ ಒಂದು ಸಲಕ್ಕೆ ಹತ್ತು ಕಿಲೋ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ಬೇಳೆಹಿಟ್ಟು, ಇನ್ನೂರು ಲೀಟರ್ ನೀರು. ಇದರಲ್ಲಿರುವ ಸಾರಜನಕವನ್ನೆಲ್ಲ ಕೂಡಿಸಿದರೆ ಕಾಲು ಕಿಲೋ ಆಸುಪಾಸು. ಮಳೆಯಾಶ್ರಿತ ರಾಗಿಗೆ ಶಿಫಾರಸಾದ ಸಾರಜನಕ ಎಕರೆಗೆ 20 ಕಿಲೋ. ‘ಇದು ಗೊಬ್ಬರವಲ್ಲ, ಹೆಪ್ಪು, ಮಣ್ಣಿನ ಸೂಕ್ಷ್ಮಜೀವಿಗಳನ್ನು ಎಬ್ಬಿಸುತ್ತದೆ’ ಎನ್ನುತ್ತಾರೆ ಪ್ರತಿಪಾದಕರು. ಇರಬಹುದು, ಒಪ್ಪಿಕೊಂಡೇ ನೋಡೋಣ. ಎದ್ದ ಸೂಕ್ಷ್ಮಜೀವಿಗಳು ಸಾರಜನಕವನ್ನು ಎರಡೇ ಕಡೆಯಿಂದ ತರಬಲ್ಲವು: ಗಾಳಿಯಿಂದ ಅಥವಾ ಮಣ್ಣಿನಲ್ಲೇ ಇರುವ ಕಳಿತ ಪದಾರ್ಥದಿಂದ. ದ್ವಿದಳ ಬೇರಿನ ಆಸರೆಯಿಲ್ಲದ ಬ್ಯಾಕ್ಟೀರಿಯಾಗಳು ಗಾಳಿಯಿಂದ ಹಿಡಿಯುವುದು ವರ್ಷಕ್ಕೆ ಕೆಲವೇ ಕಿಲೋ. ಉಳಿದದ್ದೆಲ್ಲ ಮಣ್ಣಿನ ದಾಸ್ತಾನಿನಿಂದಲೇ ಬರಬೇಕು. ನಮ್ಮ ಕೆಮ್ಮಣ್ಣಿನ ಒಂದು ಎಕರೆಯ ಮೇಲ್ಪದರದಲ್ಲಿ ನಾಲ್ಕೈದು ನೂರು ಕಿಲೋ ಸಾರಜನಕ ಕಟ್ಟಿಕೊಂಡು ಕೂತಿರುತ್ತದೆ. ಅದರಿಂದ ಹತ್ತಿಪ್ಪತ್ತು ಕಿಲೋ ಬಿಡಿಸಿಕೊಂಡರೆ ಆ ವರ್ಷದ ಬೆಳೆ ಚೆನ್ನಾಗಿಯೇ ಬರುತ್ತದೆ. ಆದರೆ ಅದು ಬ್ಯಾಂಕಿನ ಠೇವಣಿ ಮುರಿದು ಸಂಸಾರ ನಡೆಸಿದ ಹಾಗೆ. ಕೆಲವು ವರ್ಷ ನಡೆಯುತ್ತದೆ, ನಡೆಸುವವನಿಗೆ ತಾನು ಸಿರಿವಂತ ಎಂದೂ ಅನಿಸುತ್ತದೆ. ಹೊದಿಕೆ, ದ್ವಿದಳ, ಮಿಶ್ರ ಬೆಳೆ ಕೂಡಿದ್ದ ಕಡೆ ಈ ಪದ್ಧತಿ ಗೆದ್ದಿದ್ದರೆ ಗೆಲುವಿನ ಹೆಚ್ಚಿನ ಪಾಲು ಅವುಗಳಿಗೇ ಸಲ್ಲಬೇಕು. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಲ್ಲಿಸಿ, ಅದೇ ವರ್ಷ ನವೆಂಬರಿನಲ್ಲಿ ಹಿಂದೆಗೆದುಕೊಳ್ಳಬೇಕಾಯಿತು. ಆದರೂ ಮುಂದಿನ ಕೊಯ್ಲಿನಲ್ಲಿ ಭತ್ತದ ಇಳುವರಿ ಕುಸಿಯಿತು.

ಲೆಕ್ಕ ತಪ್ಪುವುದು ಒಂದು ಪಕ್ಷದವರಿಗೆ ಮಾತ್ರ ಮೀಸಲಲ್ಲ. 2021ರಲ್ಲಿ ಬಂದ ನ್ಯಾನೊ ಯೂರಿಯಾದ ಅರ್ಧ ಲೀಟರ್ ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮ ಎಂದರು. ಬಾಟಲಿಯ ದ್ರಾವಣದಲ್ಲಿದ್ದದ್ದು ನೂರಕ್ಕೆ 4ರಂತೆ 20 ಗ್ರಾಂ ಸಾರಜನಕ. ಚೀಲದಲ್ಲಿ 20 ಕಿಲೋಗಿಂತ ಹೆಚ್ಚು. ಕಣ ಎಷ್ಟೇ ಸಣ್ಣದಾಗಲಿ, ಇಲ್ಲದ ಸಾರಜನಕದಿಂದ ಕಾಳು ಕಟ್ಟುವುದಿಲ್ಲ. ಜೀವಾಮೃತಕ್ಕೆ ಕೇಳಿದ ಪ್ರಶ್ನೆಯನ್ನೇ ಇದಕ್ಕೂ ಕೇಳಬೇಕು.

ಹಾಗಾದರೆ ಹೊಲ ಬಿಟ್ಟು ಪೇಟೆಗೆ ಬಂದ ಸಾರವೆಲ್ಲ ಎಲ್ಲಿಗೆ ಹೋಗುತ್ತದೆ? ಅದು ಬರುವುದು ಹೇರೋಹಳ್ಳಿಯಂಥ ಊರುಗಳಿಗೇ. ಒಂದು ಅಂದಾಜು ಹಾಕೋಣ. ಒಬ್ಬರು ದಿನಕ್ಕೆ ಸರಾಸರಿ 50 ಗ್ರಾಂ ಪ್ರೋಟೀನ್ ತಿಂದರೆ ಅದರಲ್ಲಿ 8 ಗ್ರಾಂ ಸಾರಜನಕ. ಬೆಳೆದ ಮನುಷ್ಯ ತಿಂದಷ್ಟನ್ನೂ ಹೊರಹಾಕುತ್ತಾನೆ. ವರ್ಷಕ್ಕೆ ತಲೆಗೆ ಸುಮಾರು 3 ಕಿಲೋ. ಬೆಂಗಳೂರಿಗೆ ಒಂದು ಕೋಟಿ ಜನ ಎಂದಿಟ್ಟುಕೊಂಡರೂ 29 ಸಾವಿರ ಟನ್ ಸಾರಜನಕ, ಯೂರಿಯಾ ಲೆಕ್ಕದಲ್ಲಿ 63 ಸಾವಿರ ಟನ್. ಪಣಂಬೂರಿನ ಕಾರ್ಖಾನೆ ವರ್ಷವಿಡೀ ಮಾಡುವುದರ ಆರನೆಯ ಒಂದು ಪಾಲನ್ನು ಈ ನಗರ ಶೌಚಾಲಯದಲ್ಲಿ ನೀರು ಬಿಟ್ಟು ಕಳುಹಿಸುತ್ತದೆ. ಪಶ್ಚಿಮ ಬೆಂಗಳೂರಿನ ಬಹುಪಾಲು ಕೊಳಚೆ ವೃಷಭಾವತಿಯ ಕಣಿವೆಗಿಳಿದು, ಬೈರಮಂಗಲ ಕೆರೆ ಸೇರಿ, ಅರ್ಕಾವತಿಯತ್ತ ಸಾಗುತ್ತದೆ. ಒಂದಷ್ಟು ನೆಲಕ್ಕಿಳಿಯುತ್ತದೆ. ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದೆ. ನಗರದೊಳಗೆ ಹೊಲವಿಲ್ಲ, ಯೂರಿಯಾ ಎರಚುವವರಿಲ್ಲ. ಆ ನೈಟ್ರೇಟ್ ಮುಖ್ಯವಾಗಿ ಸೋರುವ ಒಳಚರಂಡಿ ಮತ್ತು ಗುಂಡಿಗಳದ್ದು, ಅಂದರೆ ಅಪ್ಪಟ ಸಾವಯವ ಮೂಲದ್ದು. ತಾರಸಿಯ ಕುಂಡಕ್ಕೆ ಒಂದು ಚಮಚ ಯೂರಿಯಾ ಬೀಳದಂತೆ ಕಾಯುವ ಮನೆಯವರು ಅದೇ ನೈಟ್ರೇಟನ್ನು ಕೊಳವೆಬಾವಿಯ ನೀರಿನಲ್ಲಿ ಕುಡಿಯುತ್ತಿರಬಹುದು.

ಈ ಸಾರವನ್ನು ಹೊಲಕ್ಕೆ ಮರಳಿಸುವ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಊರು ನಮ್ಮದು. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ ಅವರು ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರ ಪದರವಾಗಿ ಹಾಕಿ, ಮಣ್ಣು ಮುಚ್ಚಿ, ಮತ್ತೆ ಮಗುಚದೆ ಕೆಲವು ತಿಂಗಳಲ್ಲಿ ಗೊಬ್ಬರ ಮಾಡುವ ವಿಧಾನ ರೂಪಿಸಿದರು. ಕೃಷಿಯ ಪುಸ್ತಕಗಳಲ್ಲಿ ಅದಕ್ಕೆ ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು. ಹಾಗಾದರೆ ಅದನ್ನೇ ಮತ್ತೆ ತರಬಾರದೇ ಎನ್ನುವವರು ಒಂದನ್ನು ನೆನಪಿಡಬೇಕು: ಆ ಮಲ ಕಂದಕದವರೆಗೆ ತಾನಾಗಿ ಬರುತ್ತಿರಲಿಲ್ಲ. ಅದನ್ನು ಹೊತ್ತು ತರುತ್ತಿದ್ದ ಜನರಿದ್ದರು, ಅವರ ಜಾತಿಯಿತ್ತು. ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯ ನಿಷೇಧಿಸಿತು. ಅದು ಮಣ್ಣಿನ ಫಲವತ್ತತೆಗಿಂತ ದೊಡ್ಡ ಕೆಲಸ. ‘ಹಿಂದೆ ಎಲ್ಲವೂ ಮಣ್ಣಿಗೆ ಮರಳುತ್ತಿತ್ತು’ ಎಂದು ಕೊಂಡಾಡುವಾಗ ಮರಳಿಸುತ್ತಿದ್ದ ಕೈಗಳನ್ನು ಬಿಟ್ಟು ಮಾತಾಡುವುದು ಅಪ್ರಾಮಾಣಿಕತೆ. ಆ ಕೆಲಸ ಈಗ ಯಂತ್ರದಿಂದ ಆಗಬೇಕು. ಕೊಳಚೆಯ ಜೊತೆ ಕಾರ್ಖಾನೆಯ ನೀರು ಬೆರೆಯದಂತೆ ತಡೆಯದೆ ಅದು ಸಾಧ್ಯವೂ ಇಲ್ಲ, ಏಕೆಂದರೆ ಬೆರೆತ ಮೇಲೆ ಅದರ ಹೂಳಿನಲ್ಲಿ ಸಾರಜನಕದ ಜೊತೆ ಲೋಹವೂ ಇರುತ್ತದೆ.

ಉಳಿಯುವುದು ಅಡುಗೆಮನೆಯ ಹಸಿ ಕಸ. ತಮ್ಮೂರಿಗೆ ಬಂದು ಬೀಳುತ್ತಿದ್ದ ನಗರದ ಕಸ ಸಾಕೆಂದು ಮಂಡೂರಿನ ಜನ ಹೇಳಿದ ಮೇಲೆ ಬಂದ ಸಂಸ್ಕರಣಾ ಘಟಕಗಳಲ್ಲಿ ಕನ್ನಹಳ್ಳಿ, ಸೀಗೇಹಳ್ಳಿಯವು ಹೇರೋಹಳ್ಳಿಗೆ ಹತ್ತಿರದವು, ಇದೇ ಮಾಗಡಿ ರಸ್ತೆಯ ಆಸುಪಾಸಿನವು. ಅಲ್ಲಿನ ಜನ ವಾಸನೆಯ ವಿರುದ್ಧ ದನಿ ಎತ್ತಿದ್ದು ನ್ಯಾಯವೇ. ಇಂಥ ಘಟಕದ ಕಾಂಪೋಸ್ಟನ್ನು ರೈತ ಏಕೆ ಕೊಳ್ಳುವುದಿಲ್ಲ ಎಂಬುದಕ್ಕೂ ಲೆಕ್ಕದಲ್ಲೇ ಉತ್ತರವಿದೆ. ನಗರ ಕಾಂಪೋಸ್ಟಿನಲ್ಲಿ ಕನಿಷ್ಠ 0.8 ಶೇಕಡ ಸಾರಜನಕ ಇರಬೇಕೆಂದು ನಿಯಮ. ಹತ್ತು ಟನ್ನಿನ ಒಂದು ಲಾರಿಯಲ್ಲಿ 80 ಕಿಲೋ, ಅಂದರೆ ನಾಲ್ಕು ಚೀಲ ಯೂರಿಯಾದಷ್ಟು. ಸಾವಿರ ಚಿಲ್ಲರೆ ರೂಪಾಯಿಯ ಯೂರಿಯಾಕ್ಕೆ ಎದುರಾಗಿ ಒಂದು ಲಾರಿಯ ಬಾಡಿಗೆ, ಇಳಿಸುವ ಕೂಲಿ, ಹರಡುವ ಕೂಲಿ. ಯೂರಿಯಾಕ್ಕೆ ಬದಲಿ ಎಂದು ಮಾರಿದರೆ ಕಾಂಪೋಸ್ಟ್ ಸೋಲುವುದು ಖಂಡಿತ. ಅದರ ಬೆಲೆ ಇರುವುದು ಇಂಗಾಲದಲ್ಲಿ, ಸತು, ಬೋರಾನ್‌ಗಳಂಥ ಸಣ್ಣ ಪೋಷಕಾಂಶಗಳಲ್ಲಿ, ಹುಳಿ ತಡೆಯುವ ಗುಣದಲ್ಲಿ. ಜಿಕೆವಿಕೆಯ ತಾಕು ತೋರಿಸಿದ್ದೂ ಅದನ್ನೇ. ಯೂರಿಯಾ ಚೀಲಕ್ಕೆ ಸರ್ಕಾರ ಭರಿಸುವ ಹಣದ ಒಂದು ಪಾಲು ಈ ಲಾರಿಯ ಬಾಡಿಗೆಗೆ ಹೋಗಬೇಕು, ಯೂರಿಯಾ ಕೂಡ ಉಳಿದೆರಡರಂತೆ ಪೋಷಕಾಂಶದ ಲೆಕ್ಕಕ್ಕೆ ಬರಬೇಕು. ಬೆಲೆ ಏರಿದರೆ ಸಣ್ಣ ರೈತನಿಗೆ ಹೊರೆಯಲ್ಲವೇ ಎಂದರೆ, ಆ ಹಣವನ್ನು ಅವನ ಖಾತೆಗೇ ಹಾಕಿ, ಯಾವ ಗೊಬ್ಬರ ಎಷ್ಟು ಬೇಕೆಂದು ಮಣ್ಣು ಪರೀಕ್ಷೆ ನೋಡಿ ಅವನೇ ತೀರ್ಮಾನಿಸಲಿ.

ಹೇರೋಹಳ್ಳಿಯ ತಾರಸಿ ತೋಟದವರಲ್ಲಿ ಒಂದು ವಿನಂತಿ. ಎರೆಗೊಬ್ಬರದ ಕುಂಡಕ್ಕೆ ಒಂದು ಚಿಟಿಕೆ 19-19-19 ಹಾಕುವುದೂ ಬಿಡುವುದೂ ನಿಮ್ಮ ಇಷ್ಟ. ಗಿಡಕ್ಕೆ ಅದರಿಂದ ಮೈಲಿಗೆಯಾಗುವುದಿಲ್ಲ. ಆದರೆ ಹಸಿ ಕಸದ ಬಕೆಟ್ಟಿಗೆ ಹಾಲಿನ ಕವರು, ಒಡೆದ ಗಾಜು, ಹಳೆಯ ಬ್ಯಾಟರಿ ಹಾಕಬೇಡಿ. ಗಾಜಿನ ಚೂರು ಸಿಕ್ಕ ಕಾಂಪೋಸ್ಟನ್ನು ಬರಿಗಾಲಲ್ಲಿ ಹೊಲ ತುಳಿಯುವ ಯಾವ ರೈತನೂ ಎರಡನೆಯ ಸಲ ಕೊಳ್ಳುವುದಿಲ್ಲ.